ಅಂಜನದಲ್ಲಿ ಕಾಣದ ಎಮ್ಮೆ

ಎಂಟು ವರ್ಷದವನಿದ್ದಾಗ ನನ್ನನ್ನು ಅಂಜನ ನೋಡಲು ಕೂರಿಸಿದ್ದರು. ಕೊಪ್ಪಳದ ಹತ್ತಿರದ ನಮ್ಮೂರಲ್ಲಿ ಪಕ್ಕದ ಮನೆಯ ಕಾಕಾನ ಎಮ್ಮೆ ಕಳೆದಿತ್ತು. ಎಲೆಗೆ ಕಾಡಿಗೆ ಬಳಿದು, ಪಕ್ಕದಲ್ಲಿ ದೀಪ ಇಟ್ಟು, ರೆಪ್ಪೆ ಬಡಿಯದೆ ನೋಡು ಅಂದರು. "ಕಸ ಗುಡಿಸಾಂವ ಬಂದ್ನೇನೋ? ನೀರು ಹೊಡಿಯಾಂವ ಬಂದ್ನೇನೋ? ಹನುಮಪ್ಪ ಬಂದ್ನೇನೋ?" ಅಂಜನದ ಅಜ್ಜ ಕೇಳುತ್ತಾ ಹೋದ. ನನಗೆ ಕಂಡಿದ್ದು ದೀಪದ ಕುಡಿ, ನನ್ನ ಮೂಗು, ಅಷ್ಟೇ. ಆದರೂ ಎಲ್ಲದಕ್ಕೂ ಹೂಂ ಅಂದೆ. ಎಮ್ಮೆ ಹಳ್ಳದ ದಂಡೆಯಲ್ಲಿದೆ ಅಂತಲೂ ಹೇಳಿಬಿಟ್ಟೆ. ನಾಲ್ಕು ಜನ ಮಧ್ಯರಾತ್ರಿವರೆಗೆ ಹಳ್ಳ ಹುಡುಕಿದರು. ಎಮ್ಮೆ ಮರುದಿನ ತಾನೇ ಮನೆಗೆ ಬಂತು.

ದೊಡ್ಡವನಾಗಿ ಚಿತ್ರ ಬರೆಯತೊಡಗಿದ ಮೇಲೂ ಆ ಕಪ್ಪು ಎಲೆ ತಲೆಯಿಂದ ಹೋಗಲಿಲ್ಲ. ಮೊದಲು ಕ್ಯಾನ್ವಾಸಿನ ಮೇಲೆ ಬರೆದೆ. ನಿಂಬೆಹಣ್ಣು, ಕುಂಕುಮ, ತಲೆಬುರುಡೆ. ಥೇಟ್ ಧಾರಾವಾಹಿಯ ಮಾಂತ್ರಿಕನ ಮನೆ! ಸುತ್ತಿ ಅಟ್ಟಕ್ಕೆ ಹಾಕಿದೆ.

ಆಮೇಲೆ ಜಾನ್ ಡೀ ಬಗ್ಗೆ ಓದಿದೆ. 16ನೇ ಶತಮಾನದ ಇಂಗ್ಲೆಂಡಿನ ಪಂಡಿತ, ರಾಣಿ ಒಂದನೇ ಎಲಿಜಬೆತ್‌ಗೆ ಜ್ಯೋತಿಷ್ಯ ಹೇಳುತ್ತಿದ್ದವನು. ಕಣ್ಣಿಗೆ ಕಾಣದ್ದನ್ನು ನೋಡಲು ಅವನು ಇಟ್ಟುಕೊಂಡಿದ್ದ ಅನ್ನುವ ಅಬ್ಸಿಡಿಯನ್ (ಜ್ವಾಲಾಮುಖಿಯ ಕಪ್ಪು ಗಾಜುಗಲ್ಲು) ಕನ್ನಡಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಲ್ಲು ಮೆಕ್ಸಿಕೋದ ಪಚೂಕಾದ್ದು ಎಂದು 2021ರಲ್ಲಿ ಪ್ರಕಟವಾದ ಪರೀಕ್ಷೆ ಹೇಳಿತು. ಅವನದು ಕಲ್ಲು, ನಮ್ಮದು ಎಲೆ. ಕೆಲಸ ಒಂದೇ ಅಲ್ವಾ?

ಹಾಗಾದರೆ ಚಿತ್ರವೇ ಕನ್ನಡಿ ಆಗಬೇಕು ಅನ್ನಿಸಿತು. ನಾಲ್ಕು ಮಿಲಿಮೀಟರ್ ಗಾಜು ತಂದು ಮೇಲೆ ಅಕ್ರಿಲಿಕ್ ಹಚ್ಚಿದೆ. ಒಣಗಿದ ಮೇಲೆ ಉಗುರು ತಾಗಿದರೆ ಸಿಪ್ಪೆಯಂತೆ ಎದ್ದು ಬಂತು. ಕೊನೆಗೆ ಗಾಜಿನ ಹಿಂಬದಿಗೆ ಆಯಿಲ್ ಬಣ್ಣದಲ್ಲಿ ಬರೆದೆ. ಅಲ್ಲಿ ಎಲ್ಲಾ ಉಲ್ಟಾ. ಕೊನೆಗೆ ಇಡುವ ಬೆಳಕಿನ ಚುಕ್ಕಿ ಮೊದಲು, ಮೊದಲು ಬಳಿಯುವ ಹಿನ್ನೆಲೆ ಕೊನೆಗೆ. ಬಲಗೈ ಎಡಗೈ ಆಗುತ್ತದೆ. ತಪ್ಪಿದರೆ ತಿದ್ದಲು ಬರುವುದಿಲ್ಲ, ಕೆರೆಯಬೇಕು.

ದೀಪದ ಕುಡಿಗೆ ಕಿನ್ನಾಳದ ಲಾಜವಾರ ಬೇಕೆನಿಸಿತು. ಅಲ್ಲಿನ ಚಿತ್ರಗಾರರು ತವರವನ್ನು ಅಂಟಿನ ಜೊತೆ ಅರೆದು ಹಚ್ಚಿ, ಉಜ್ಜಿ ಹೊಳಪು ತರುತ್ತಾರೆ. ಮೇಲೆ ಹಳದಿ ವಾರ್ನಿಶ್ ಬಿದ್ದರೆ ಬಂಗಾರವೇ. ನನ್ನ ಗಾಜಿನಲ್ಲಿ ಉಜ್ಜಿದ ಮೈ ಹಿಂದೆ ಉಳಿದು, ಹೊಳಪು ಅರ್ಧ ಮಾತ್ರ ಬಂತು. ಹಾಗೇ ಬಿಟ್ಟೆ. ಹಳೇ ದೀಪದಂತೆ ಕಾಣುತ್ತದೆ.

ಎಲೆಯ ಜಾಗ ಮಾತ್ರ ಖಾಲಿ. ಕೊನೆಗೆ ಹಿಂದಿನಿಂದ ಎರಡು ಸಲ ಕಪ್ಪು ಎನಾಮೆಲ್ ಬಳಿದೆ. ಮುಂದೆ ನಿಂತವರ ಮುಖ ಎಲೆಯಲ್ಲಿ ಮೂಡಿತು. ಮೊದಲ ಎಲೆ ಅಂಗೈಯಷ್ಟಿತ್ತು, ಮೂಗಷ್ಟೇ ಹಿಡಿಸಿತು. ಎರಡನೆಯದನ್ನು ಮೊರದಷ್ಟು ಮಾಡಿದೆ.

ಒಂದು ರಾತ್ರಿ ಮಂದ ದೀಪದಲ್ಲಿ ನಾನೇ ಅದರ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಕಣ್ಣು ಕರಗಿ, ಯಾರೋ ಮುದುಕನ ಮುಖ ಬಂತು. ಎದ್ದು ಲೈಟ್ ಹಾಕಿದೆ! ಇಟಲಿಯ ಮನೋವಿಜ್ಞಾನಿ ಜೊವಾನಿ ಕಪುಟೊ 50 ಜನರನ್ನು ಹೀಗೇ ಮಂದ ಬೆಳಕಲ್ಲಿ ಕನ್ನಡಿ ಮುಂದೆ ಹತ್ತು ನಿಮಿಷ ಕೂರಿಸಿದ್ದರು. 2010ರಲ್ಲಿ ಅದನ್ನು ಪ್ರಕಟಿಸಿದರು. ಅವರಲ್ಲೂ ಬಹಳ ಜನಕ್ಕೆ ಸೊಟ್ಟ ಮುಖ, ಕೆಲವರಿಗೆ ಗುರುತಿಲ್ಲದವರ ಮುಖ ಕಂಡಿತ್ತು. ಅದನ್ನು ಓದಿದ ಮೇಲೂ ರಾತ್ರಿ ಒಬ್ಬನೇ ಅದರ ಮುಂದೆ ಕೂರುವುದಿಲ್ಲ. ಅವ್ವನಂತೂ ಸಂಜೆಯಾದರೆ ಅದಕ್ಕೆ ಟವೆಲ್ ಮುಚ್ಚುತ್ತಾಳೆ.

ಮೊನ್ನೆ ಎಮ್ಮೆ ಕಾಕಾ ಬಂದು ಬಹಳ ಹೊತ್ತು ನೋಡುತ್ತಾ ನಿಂತ.

"ಏನ್ ಕಾಣ್ತೈತಿ ಕಾಕಾ?"

"ನಿನ್ನ ಮಾತು ಕೇಳಿ ಹಳ್ಳದಾಗ ಬಿದ್ದು ಕಾಲು ಉಳುಕಿಸ್ಕೊಂಡಾಂವ ಕಾಣ್ತಾನ ನೋಡು."