ಚಳಿಗಾಲದ ವ್ಯಾನ್ ವಾಸ: ತೇವವನ್ನು ಹೊರಗಿಟ್ಟು ಬೆಚ್ಚಗೆ ಮಲಗಿದ ನನ್ನ ಅನುಭವ

ನಾವಿಬ್ಬರು ಚಳಿಗಾಲದಲ್ಲಿಯೂ ವ್ಯಾನಿನಲ್ಲಿಯೇ ರಾತ್ರಿ ತಂಗುವವರು. ಹೊರಗೆ ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿಯಿರುವಾಗ ಕಿಟಕಿ, ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿಕೊಳ್ಳಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಹಾಗೆ ಮುಚ್ಚಿಕೊಂಡರೆ ನಾವು ಉಸಿರಾಡಿ ಬಿಟ್ಟ ನೀರೆಲ್ಲ ಒಳಗೇ ಉಳಿದು, ಗಾಜಿನಿಂದ ಹಾಸಿಗೆಗೆ, ಹಾಸಿಗೆಯಿಂದ ಹೊದಿಕೆಗೆ ಹರಡಿ, ಬೆಳಗಿನ ಹೊತ್ತಿಗೆ ಮೊದಲಿಗಿಂತ ಹೆಚ್ಚು ಚಳಿ ಹುಟ್ಟಿಸುತ್ತದೆ. ರಾತ್ರಿಯಿಡೀ ಸ್ವಲ್ಪ ಗಾಳಿಯಾಡಲು ಬಿಡುವುದೇ ಬೆಚ್ಚಗಿರುವ ಮೊದಲ ಉಪಾಯ ಎಂದು ನಾನು ದೃಢವಾಗಿ ನಂಬಿದ್ದೇನೆ, ಮತ್ತು ಆ ನಂಬಿಕೆಗೆ ಲೆಕ್ಕದ ಆಧಾರವೂ ಇದೆ.

ಮಲಗಿರುವ ಒಬ್ಬ ವಯಸ್ಕರ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗುತ್ತದೆ. ಇಬ್ಬರು ಎಂಟು ಗಂಟೆ ಮಲಗಿದರೆ ಅದು 600 ಗ್ರಾಂ ದಾಟುತ್ತದೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ ಸೊನ್ನೆ ಡಿಗ್ರಿಗೆ ತಣ್ಣಗಾದಾಗ 5 ಗ್ರಾಂ ಕೂಡ ಹಿಡಿಯಲಾರದು. ಹೆಚ್ಚಾದದ್ದು ಎಲ್ಲಿ ತಣ್ಣನೆಯ ಮೈ ಸಿಕ್ಕಿತೋ ಅಲ್ಲಿ, ಅಂದರೆ ಗಾಜು, ಬಾಗಿಲಿನ ಚೌಕಟ್ಟು ಮತ್ತು ಮುಚ್ಚದೆ ಬಿಟ್ಟ ತಗಡಿನ ಮೇಲೆ, ಹನಿಯಾಗಿ ಕೂರುತ್ತದೆ.

ಒಳಗೆ 15 ಡಿಗ್ರಿ ತಾಪಮಾನ ಮತ್ತು ಶೇ. 60ರಷ್ಟು ಆರ್ದ್ರತೆ ಇರಬೇಕೆಂದಿಟ್ಟುಕೊಳ್ಳೋಣ. ಆಗ ಒಳಗಿನ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 7.7 ಗ್ರಾಂ ಆವಿ ಇರುತ್ತದೆ. ಹೊರಗಿನ ಸೊನ್ನೆ ಡಿಗ್ರಿಯ ಗಾಳಿ ದಟ್ಟ ಮಂಜಿನಿಂದ ಕೂಡಿದ್ದರೂ ಅದರಲ್ಲಿರುವ ಆವಿ 4.8 ಗ್ರಾಂ ಮಾತ್ರ. ಹೊರಹೋಗುವ ಪ್ರತಿ ಘನ ಮೀಟರ್ ಗಾಳಿ ಹೀಗೆ ಸುಮಾರು 3 ಗ್ರಾಂ ನೀರನ್ನು ಒಯ್ಯುವುದರಿಂದ, ಇಬ್ಬರ 80 ಗ್ರಾಂಗೆ ಗಂಟೆಗೆ 27ರಿಂದ 28 ಘನ ಮೀಟರ್ ಗಾಳಿ ಬದಲಾದರೆ ಸಾಕು. ಒಳಬಂದ ಅಷ್ಟು ತಣ್ಣನೆಯ ಗಾಳಿಯನ್ನು 15 ಡಿಗ್ರಿಗೆ ಕಾಯಿಸಲು ಬೇಕಾಗುವ ಶಕ್ತಿ 150 ವಾಟ್‌ಗಿಂತ ಹೆಚ್ಚಿಲ್ಲ. ವ್ಯಾನುಗಳಲ್ಲಿ ಅಳವಡಿಸುವ ಸಣ್ಣ ಡೀಸೆಲ್ ಹೀಟರ್ ಸಾಮಾನ್ಯವಾಗಿ 2 ಕಿಲೋವಾಟ್ ಶಾಖ ಕೊಡುತ್ತದೆ ಎಂಬುದನ್ನು ನೆನೆದರೆ, ಕಿಟಕಿ ತೆರೆದಿಟ್ಟು ಕಳೆದುಕೊಳ್ಳುವ ಶಾಖ ಎಷ್ಟು ಅಲ್ಪವೆಂಬುದು ತಿಳಿಯುತ್ತದೆ.

ನಮ್ಮ ವ್ಯಾನಿನಲ್ಲಿ ಚಾವಣಿಯ ಫ್ಯಾನ್ ಹಿಂಬದಿಯಲ್ಲಿದೆ. ಅದನ್ನು ಗಾಳಿ ಹೊರಹಾಕುವಂತೆ ಅತಿ ಕಡಿಮೆ ವೇಗದಲ್ಲಿ ಇಟ್ಟು, ಮುಂದಿನ ಸೀಟಿನ ಪಕ್ಕದ ಗಾಜನ್ನು ಎರಡು ಬೆರಳಿನಷ್ಟು ಇಳಿಸುತ್ತೇವೆ. ಎರಡೂ ಕಿಂಡಿಗಳು ಒಂದಕ್ಕೊಂದು ದೂರವಿರಬೇಕು, ಇಲ್ಲವಾದರೆ ಹೊಸ ಗಾಳಿ ಮಲಗುವ ಜಾಗವನ್ನು ಮುಟ್ಟದೆಯೇ ಹೊರಟುಹೋಗುತ್ತದೆ. ಮಲಗುವ ಮುನ್ನ ತೆಳುವಾದ ಕಾಗದದ ಪಟ್ಟಿಯೊಂದನ್ನು ಕಿಟಕಿಯ ಸಂದಿನ ಬಳಿ ಹಿಡಿಯುತ್ತೇನೆ. ಅದರ ತುದಿ ಒಳಮುಖವಾಗಿ ಬಾಗಿ ಅಲುಗಾಡುತ್ತಿದ್ದರೆ ಗಾಳಿ ಸರಿಯಾಗಿ ಹರಿಯುತ್ತಿದೆ ಎಂದರ್ಥ. ಪಟ್ಟಿ ಸುಮ್ಮನೆ ಜೋತುಬಿದ್ದಿದ್ದರೆ ಫ್ಯಾನಿನ ವೇಗವನ್ನು ಒಂದು ಹಂತ ಏರಿಸುತ್ತೇನೆ. ದಿಂಬಿನ ಬಳಿಯಿರುವ ಪುಟ್ಟ ಆರ್ದ್ರತಾ ಮಾಪಕ ಶೇ. 70 ದಾಟಿದಾಗಲೂ ಅದೇ ಕ್ರಮ.

ಹೀಟರಿನ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಹೊಗೆಕೊಳವೆಯಿಲ್ಲದ ಗ್ಯಾಸ್ ಹೀಟರ್ ಆ ನೀರನ್ನೆಲ್ಲ ನಮ್ಮ ಮೇಲೆಯೇ ಸುರಿಯುವುದಲ್ಲದೆ, ಕಾರ್ಬನ್ ಮೊನಾಕ್ಸೈಡ್ ಎಂಬ ಪ್ರಾಣಾಂತಕ ಅನಿಲದ ಅಪಾಯವನ್ನೂ ತರುತ್ತದೆ. ಡೀಸೆಲ್ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಹೊಗೆಯನ್ನೂ ಹೊರಗೇ ಬಿಡುವುದರಿಂದ ಒಳಗೆ ಒಣ ಶಾಖ ಮಾತ್ರ ಬರುತ್ತದೆ. ಹಾಗಿದ್ದರೂ ಮೊನಾಕ್ಸೈಡ್ ಅಲಾರಂ ಇಲ್ಲದೆ ನಾನು ಮಲಗುವುದಿಲ್ಲ. ತೆರೆದ ಕಿಟಕಿಯ ಕಡೆಗೆ ಹೊಗೆ ಬೀಸದಂತೆ ಗಾಳಿಯ ದಿಕ್ಕು ನೋಡಿ ವ್ಯಾನ್ ನಿಲ್ಲಿಸುತ್ತೇನೆ. ಹೀಟರ್ ಗಾಳಿಯನ್ನು ಬಿಸಿ ಮಾಡುತ್ತದೆಯೇ ಹೊರತು ನೀರನ್ನು ತೆಗೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ತೆಗೆಯುವ ಕೆಲಸ ಗಾಳಿಯದ್ದೇ.

ಇಷ್ಟೆಲ್ಲ ಮಾಡಿದರೂ ಗಾಜು ಒದ್ದೆಯಾಗುವುದು ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಮೇಲೆ ಹೇಳಿದ ಗಾಳಿಯಲ್ಲಿ 7 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲಾದರೂ ಹನಿ ಕೂರುತ್ತದೆ. ಮುಂಗಾಜಿಗೆ ಒಳಗಿನಿಂದ ಪರದೆ ಹಾಕಿದಾಗ ಗಾಜು ಇನ್ನಷ್ಟು ತಣ್ಣಗಾಗಿ, ಅಂಚುಗಳಿಂದ ನುಸುಳಿದ ಆವಿ ಅದರ ಹಿಂದೆ ಹಿಮದ ಪದರವಾಗುತ್ತದೆ. ಆದ್ದರಿಂದ ನಾವು ದಪ್ಪ ಹೊದಿಕೆಯನ್ನು ಹೊರಗಿನಿಂದ ಕಟ್ಟುತ್ತೇವೆ. ಬೆಳಿಗ್ಗೆ ಎದ್ದೊಡನೆ, ಬಿಸಿಲು ತಾಗಿ ಹನಿಗಳು ಮತ್ತೆ ಆವಿಯಾಗುವ ಮೊದಲೇ, ರಬ್ಬರ್ ಪಟ್ಟಿಯ ಒರೆಸುಕೋಲಿನಿಂದ ಗಾಜನ್ನು ಮೇಲಿನಿಂದ ಕೆಳಕ್ಕೆ ಎಳೆದು, ಕೆಳಗಿನ ರಬ್ಬರಿನ ಸಂದಿನಲ್ಲಿ ನಿಂತ ನೀರನ್ನು ಬಟ್ಟೆಯಲ್ಲಿ ಹೀರಿಸಿ ಹೊರಗೆ ಹಿಂಡುತ್ತೇನೆ. ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಿದರೆ ಅದೇ ನೀರು ಮತ್ತೆ ಗಾಜಿಗೆ ಮರಳುತ್ತದೆ.

ಕಣ್ಣಿಗೆ ಬೀಳದ ಜಾಗವೆಂದರೆ ಹಾಸಿಗೆಯ ತಳ. ಮೈಯ ಬೆವರು ಫೋಮಿನ ಮೂಲಕ ಕೆಳಗಿಳಿದು, ತಣ್ಣನೆಯ ಹಲಗೆಗೆ ತಾಗಿ ನೀರಾಗಿ, ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳ ಮೇಲೆ ಹಾಸಿಗೆ ಹಾಕಿ, ಹಗಲಿನಲ್ಲಿ ಅದನ್ನು ಮಡಿಚಿ ನಿಲ್ಲಿಸುವುದು ಇದಕ್ಕೆ ಸರಳ ಪರಿಹಾರ.

ಅಡುಗೆಗೆ ಪಾತ್ರೆಯ ಮುಚ್ಚಳ ಮತ್ತು ವೇಗವಾಗಿ ತಿರುಗುವ ಫ್ಯಾನ್ ಎರಡೂ ಬೇಕು, ಸಾಧ್ಯವಾದರೆ ನೀರನ್ನು ಹೊರಗೇ ಕುದಿಸುವುದು ಮೇಲು. ನೆನೆದ ಕೋಟು, ಬೂಟುಗಳಿಗೆ ಮುಚ್ಚಳವಿರುವ ಡಬ್ಬಿಯೇ ಸರಿ. ತೇವ ಹೀರುವ ಪುಡಿಯ ಚೀಲಗಳು ಮುಚ್ಚಿದ ಕಪಾಟಿಗೆ ಸಾಕೇ ಹೊರತು, ಇಬ್ಬರು ಮಲಗುವ ಕೋಣೆಗೆ ಏನೇನೂ ಸಾಲವು.

ಮಲಗುವಾಗ ಮುಖವನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹುದುಗಿಸುವ ಆಸೆಯನ್ನು ತಡೆಯಬೇಕು, ಏಕೆಂದರೆ ಉಸಿರಿನ ತೇವದಿಂದ ಒಳಗಿನ ತುಪ್ಪುಳು ಕುಗ್ಗಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ಉಣ್ಣೆಯ ಟೋಪಿ, ಒಣ ಕಾಲುಚೀಲ ಮತ್ತು ಪಾದದ ಬಳಿ ಬಿಸಿನೀರಿನ ಚೀಲವಿದ್ದರೆ, ಹೀಟರನ್ನು 12 ಡಿಗ್ರಿಗೆ ಇಳಿಸಿದರೂ ನಿದ್ದೆಗೆ ಭಂಗವಾಗುವುದಿಲ್ಲ. ಹಿಮ ಬೀಳುವ ರಾತ್ರಿ ಒಮ್ಮೆಯಾದರೂ ಎದ್ದು ಚಾವಣಿಯ ಕಿಂಡಿ ಮತ್ತು ಹೀಟರಿನ ಹೊಗೆಕೊಳವೆ ಮುಚ್ಚಿಹೋಗಿಲ್ಲವೆಂದು ಟಾರ್ಚ್ ಹಾಕಿ ನೋಡಿಬರುತ್ತೇನೆ. ಎಷ್ಟೇ ಚಳಿಯಿದ್ದರೂ ಆ ಕೆಲಸವನ್ನು ಬೆಳಗಿನವರೆಗೆ ಮುಂದೂಡುವುದಿಲ್ಲ.