ಕಾರಿನಲ್ಲಿ ಗನ್ ಇದೆ, ಹಿಂದೆ ಪೊಲೀಸ್ ದೀಪ ತಿರುಗುತ್ತಿದೆ: ಏನು ಹೇಳಬೇಕು, ಹೇಗೆ ಹೇಳಬೇಕು?

ನಮ್ಮೂರಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದರೆ ನಾವೇನು ಮಾಡುತ್ತೇವೆ? ಗಾಡಿ ಬದಿಗೆ ಹಾಕುತ್ತೇವೆ. ಕೆಳಗಿಳಿಯುತ್ತೇವೆ. ಆರ್‌ಸಿ, ಇನ್ಶೂರೆನ್ಸ್ ಇರುವ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಸಾಹೇಬರ ಹತ್ತಿರ ನಡೆದು ಹೋಗುತ್ತೇವೆ. ಕಾರಿನಲ್ಲೇ ಕೂತಿದ್ದರೆ ಅವರಿಗೆ ಸಿಟ್ಟು ಬರುತ್ತದೆ. ಅಮೆರಿಕದಲ್ಲಿ ಇದು ಪೂರಾ ಉಲ್ಟಾ. ಅಲ್ಲಿ ನೀವು ಕೆಳಗಿಳಿದರೆ ಅವರಿಗೆ ಭಯವಾಗುತ್ತದೆ. ಸೀಟಿನಲ್ಲೇ ಕೂತಿರಬೇಕು, ಎರಡೂ ಕೈ ಕಾಣುತ್ತಿರಬೇಕು, ಅವರೇ ನಡೆದು ಬರುತ್ತಾರೆ. ಸೊಂಟದಲ್ಲಿ ಲೈಸೆನ್ಸ್ ಇರುವ ಪಿಸ್ತೂಲೂ ಇದ್ದರೆ, ಈ ಕೂರುವ ವಿದ್ಯೆಯನ್ನು ಮೊದಲೇ ಕಲಿತಿರಬೇಕು.

ನಾನಿರುವುದು ಮಿಶಿಗನ್‌ನಲ್ಲಿ. ಇಲ್ಲಿ ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ಸಿಪಿಎಲ್ (ಕನ್ಸೀಲ್ಡ್ ಪಿಸ್ಟಲ್ ಲೈಸೆನ್ಸ್) ಅನ್ನುವ ಲೈಸೆನ್ಸ್ ಬೇಕು. ಕನಿಷ್ಠ 8 ಗಂಟೆಯ ತರಬೇತಿ, ಅದರಲ್ಲಿ 3 ಗಂಟೆ ಗುರಿ ಹೊಡೆಯುವ ಮೈದಾನದಲ್ಲಿ. ನನ್ನ ಹತ್ತಿರ ಲೈಸೆನ್ಸೂ ಇಲ್ಲ, ಗನ್ನೂ ಇಲ್ಲ, ಬೇಕು ಅಂತಲೂ ಅನ್ನಿಸಿಲ್ಲ. ಆದರೆ ವಿರಾಜಪೇಟೆ ಕಡೆಯ ಗೆಳೆಯನೊಬ್ಬನ ಹತ್ತಿರ ಎರಡೂ ಇವೆ. ಅವನ ಮನೆಯಲ್ಲಿ ಕೋವಿ ಅಂದರೆ ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜೆ ಮಾಡುವ ವಸ್ತು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪರಂಪರಾಗತ ಭೂಮಿ) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅಲ್ಲಿಯ ಕೋವಿ ಗೋಡೆ ಮೇಲಿರುತ್ತದೆ, ಎಲ್ಲರಿಗೂ ಕಾಣುತ್ತದೆ. ಇಲ್ಲಿಯದು ಶರ್ಟಿನ ಕೆಳಗೆ. ಪೊಲೀಸರಿಗೆ ಬಾಯಿಬಿಟ್ಟು ಹೇಳುವ ಪ್ರಶ್ನೆ ಹುಟ್ಟುವುದೇ ಅದಕ್ಕೆ.

ಮೊದಲ ಕೆಲಸ: ವೀಸಾ ನೋಡಿಕೊಳ್ಳಿ

ಇದನ್ನು ಎಲ್ಲಕ್ಕಿಂತ ಮೊದಲು ಹೇಳಲೇಬೇಕು, ಯಾಕೆಂದರೆ ನಮ್ಮವರು ಎಡವುವುದು ಇಲ್ಲೇ. ಕೆಲಸದ ಎಚ್-1ಬಿ, ಅವರ ಮನೆಯವರ ಎಚ್-4, ಓದಲು ಬಂದವರ ಎಫ್-1, ಪ್ರವಾಸಿ ವೀಸಾ, ಯಾವುದರಲ್ಲಿ ಬಂದಿದ್ದರೂ ಸರಿ, ಗನ್ ಮತ್ತು ಗುಂಡು ಹತ್ತಿರ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನಿನ ನಿಷೇಧವಿದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಅಂಥ ಇನ್ನೂ ಕೆಲವು ಇವೆ. ಇಲ್ಲದಿದ್ದರೆ ಸಿಕ್ಕಿಬಿದ್ದವರಿಗೆ 15 ವರ್ಷದವರೆಗೆ ಜೈಲು ಆಗಬಹುದು. ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ವರ್ಷದಿಂದ ನಿಂತಿದ್ದೇನೆ, ಮನೆ ತಗೊಂಡಿದ್ದೇನೆ, ಮಕ್ಕಳು ಇಲ್ಲೇ ಹುಟ್ಟಿದ್ದಾರೆ ಅಂದರೂ ಎಚ್-1ಬಿ ಎಚ್-1ಬಿಯೇ. ‘ನಮ್ಮ ರಾಜ್ಯದಲ್ಲಿ ಲೈಸೆನ್ಸೇ ಬೇಡ ಮಾರಾಯ’ ಅಂತ ಆಫೀಸಿನ ಗೆಳೆಯ ಹೇಳುವುದು ಅವನ ಮಟ್ಟಿಗೆ ನಿಜ. 29 ರಾಜ್ಯಗಳಲ್ಲಿ ಈಗ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಮರೆಮಾಡಿ ಒಯ್ಯಬಹುದು. ಆದರೆ ಅವನು ಅಮೆರಿಕದ ಪ್ರಜೆ. ಕೆಳಗೆ ಬರೆದಿರುವುದೆಲ್ಲ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ.

ಎರಡನೆಯದು: ನೀವು ಯಾವ ರಾಜ್ಯದಲ್ಲಿದ್ದೀರಿ?

‘ಗನ್ ಇದೆ ಅಂತ ನಾನಾಗಿಯೇ ಹೇಳಬೇಕಾ, ಕೇಳಿದರೆ ಹೇಳಿದರೆ ಸಾಕಾ?’ ಎಲ್ಲರೂ ಕೇಳುವ ಪ್ರಶ್ನೆ ಇದು. ಇಡೀ ದೇಶಕ್ಕೆ ಒಂದೇ ಉತ್ತರ ಇಲ್ಲ. ಡೆಟ್ರಾಯಿಟ್‌ನಿಂದ ಶಿಕಾಗೋಗೆ ಐ-94 ಹೆದ್ದಾರಿಯಲ್ಲಿ ಹೊರಟರೆ ಒಂದೇ ದಿನದಲ್ಲಿ ಮೂರು ಕಾನೂನು ದಾಟುತ್ತೀರಿ.

ಮಿಶಿಗನ್‌ನಲ್ಲಿ ಪೊಲೀಸರು ನಿಲ್ಲಿಸಿದ ತಕ್ಷಣ, ಅವರು ಕೇಳುವ ಮೊದಲೇ ಹೇಳಬೇಕು. ಗನ್ ಮೈಮೇಲಿರಲಿ, ಕಾರಿನಲ್ಲಿರಲಿ. ಹೇಳದಿದ್ದರೆ ಮೊದಲ ಸಲ 500 ಡಾಲರ್ ದಂಡ, ಆರು ತಿಂಗಳು ಗನ್ ಲೈಸೆನ್ಸ್ ಅಮಾನತು. ಮೂರು ವರ್ಷದೊಳಗೆ ಎರಡನೇ ಸಲವಾದರೆ 1000 ಡಾಲರ್, ಲೈಸೆನ್ಸೇ ರದ್ದು. ಸುಮಾರು ಮೂರು ಗಂಟೆ ಓಡಿಸಿದ ಮೇಲೆ ಇಂಡಿಯಾನಾ ಬರುತ್ತದೆ. ಅಲ್ಲಿ ನೀವಾಗಿಯೇ ಹೇಳುವ ಕಡ್ಡಾಯ ಇಲ್ಲ. ಅಲ್ಲಿಂದ ಮುಂದೆ ಇಲಿನಾಯ್. ಅಲ್ಲಿ ಪೊಲೀಸರು ಕೇಳಿದರೆ ಹೇಳಬೇಕು, ಲೈಸೆನ್ಸ್ ತೋರಿಸಬೇಕು. ಅದಕ್ಕಿಂತ ದೊಡ್ಡ ಗಂಟು ಅಂದರೆ, ಇಲಿನಾಯ್ ಬೇರೆ ರಾಜ್ಯದ ಲೈಸೆನ್ಸನ್ನು ಕಾರಿನೊಳಗೆ ಮಾತ್ರ ಒಪ್ಪುತ್ತದೆ. ಶಿಕಾಗೋದ ಡೆವೊನ್ ಅವೆನ್ಯೂನಲ್ಲಿ ದೋಸೆ ತಿನ್ನಲು ಇಳಿಯುವಾಗ ಗನ್ ಕಾರಿನಲ್ಲೇ ಇರಬೇಕು, ಬೀಗ ಬಿದ್ದಿರಬೇಕು.

ಬೇರೆ ಕಡೆಯದನ್ನು ಬೇಗ ಹೇಳಿಬಿಡುತ್ತೇನೆ. ಅಲಾಸ್ಕಾ, ನಾರ್ತ್ ಕೆರೊಲೈನಾ, ನ್ಯೂಜೆರ್ಸಿ, ವಾಷಿಂಗ್ಟನ್ ಡಿಸಿಯಲ್ಲಿ ನೀವಾಗಿಯೇ ಹೇಳಬೇಕು. ಟೆಕ್ಸಾಸ್‌ನಲ್ಲಿ ಗನ್ ಲೈಸೆನ್ಸ್ ಇದ್ದವರು, ಗುರುತಿನ ಚೀಟಿ ಕೇಳಿದಾಗ ಡ್ರೈವಿಂಗ್ ಲೈಸೆನ್ಸ್ ಜೊತೆಗೇ ಅದನ್ನೂ ಕೊಡಬೇಕು. ಮಾತಿಲ್ಲದೆ ವಿಷಯ ತಿಳಿಸುವ ಈ ಪದ್ಧತಿ ನನಗಂತೂ ಜಾಣತನದ್ದು ಅನ್ನಿಸುತ್ತದೆ. ಜಾರ್ಜಿಯಾದಲ್ಲಿ ಕಡ್ಡಾಯ ಇಲ್ಲ. ಅರಿಜೋನಾದಲ್ಲಿ ಕೇಳಿದರೆ ನಿಜ ಹೇಳಬೇಕು. ಮೇಯ್ನ್‌ನಲ್ಲಿ ತಮಾಷೆ ಇದೆ: ಲೈಸೆನ್ಸ್ ಇಲ್ಲದೆ ಒಯ್ಯುವವರು ತಾವಾಗಿಯೇ ಹೇಳಬೇಕು. ಒಹಾಯೋ 2022ರವರೆಗೆ ‘ಕೂಡಲೇ ಹೇಳಿ’ ಅನ್ನುತ್ತಿತ್ತು, ಆ ಜೂನ್‌ನಿಂದ ‘ಕೇಳಿದರೆ ಹೇಳಿ’ ಅನ್ನುತ್ತಿದೆ. ಹೀಗೆ ಬದಲಾಗುತ್ತಲೇ ಇರುವುದರಿಂದ ಹೊರಡುವ ಹಿಂದಿನ ದಿನ ಆಯಾ ರಾಜ್ಯದ ಪೊಲೀಸ್ ವೆಬ್‌ಸೈಟ್ ಒಮ್ಮೆ ನೋಡಿ. ಹೋದ ವರ್ಷ ಓದಿದ್ದು ಈ ವರ್ಷಕ್ಕೆ ಆಗುವುದಿಲ್ಲ.

ಕಡ್ಡಾಯ ಇಲ್ಲದ ಕಡೆ ಹೇಳಬೇಕಾ? ಇದರಲ್ಲಿ ಎರಡು ಪಂಗಡ. ಕೇಳದೆ ಹೇಳಿ ಸುಮ್ನೆ ಗಾಬರಿ ಹುಟ್ಟಿಸಬೇಡಿ ಅನ್ನುವವರು ಒಂದು ಕಡೆ. ಅವರೇ ಕಂಡುಹಿಡಿಯುವುದಕ್ಕಿಂತ ನಾವೇ ಹೇಳುವುದು ವಾಸಿ ಅನ್ನುವವರು ಇನ್ನೊಂದು ಕಡೆ. ಪರ್ಸ್ ತೆಗೆಯುವಾಗ ಶರ್ಟ್ ಮೇಲೆ ಹೋಗಿ ಗನ್ ಕಾಣುವ ಹಾಗಿದ್ದರೆ, ಅಥವಾ ಕೆಳಗಿಳಿಯಿರಿ ಅಂದರೆ, ಹೇಳಿಬಿಡಿ ಅನ್ನುತ್ತೇನೆ. ಕೇಳಿದಾಗ ಸುಳ್ಳು ಮಾತ್ರ ಎಲ್ಲಿಯೂ ಬೇಡ.

ಮೂರನೆಯದು: ಮನೆಯಿಂದ ಹೊರಡುವ ಮುಂಚೆ

ಇದು ಐದು ನಿಮಿಷದ ಕೆಲಸ, ಆದರೆ ಅರ್ಧ ಯುದ್ಧ ಇಲ್ಲೇ ಗೆದ್ದ ಹಾಗೆ. ಬಲಗೈಯವರು ಪಿಸ್ತೂಲನ್ನು ಬಲ ಸೊಂಟದಲ್ಲಿ ಇಡುತ್ತಾರೆ. ಪರ್ಸು ಎಲ್ಲಿರುತ್ತದೆ? ಬಲ ಹಿಂಜೇಬಿನಲ್ಲಿ. ಎರಡರ ನಡುವೆ ಒಂದು ಗೇಣೂ ಇಲ್ಲ. ಲೈಸೆನ್ಸ್ ಕೊಡಿ ಅಂದಾಗ ಕೈ ಹೋಗುವುದು ನೇರ ಗನ್ ಕಡೆಗೆ. ಹೊರಗೆ ನಿಂತವರಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ, ಕೈ ಕಾಣುತ್ತದೆ. ನನ್ನ ಗೆಳೆಯ ಪರ್ಸನ್ನು ಎಡಜೇಬಿಗೆ ಹಾಕಿಕೊಳ್ಳಲು ರೂಢಿ ಮಾಡಿಕೊಂಡಿದ್ದಾನೆ. ದೂರ ಹೋಗುವಾಗ ಡ್ರೈವಿಂಗ್ ಲೈಸೆನ್ಸ್ ಮತ್ತು ಸಿಪಿಎಲ್ ಎರಡನ್ನೂ ತೆಗೆದು, ಕಾರಿನ ಕಾಗದದ ಜೊತೆ ತಲೆ ಮೇಲಿನ ಸನ್ ವೈಸರ್‌ಗೆ ಕ್ಲಿಪ್ ಹಾಕಿಡುತ್ತಾನೆ. ಗ್ಲವ್ ಬಾಕ್ಸಿನಲ್ಲಿ ಗನ್ನೂ ರಿಜಿಸ್ಟ್ರೇಷನ್ನೂ ಒಟ್ಟಿಗೆ ಇಡುವವರಿದ್ದಾರೆ. ಬಾಗಿಲು ತೆರೆದ ಕೂಡಲೇ ಟಾರ್ಚ್ ಬೆಳಕಿನಲ್ಲಿ ಮೊದಲು ಹೊಳೆಯುವುದು ಏನು ಅಂತ ಯೋಚಿಸಿ.

ಇನ್ನೊಂದು ವಿಷಯ. ಮಿಶಿಗನ್‌ನಲ್ಲಿ ಕುಡಿದು ಓಡಿಸುವುದಕ್ಕೆ ಮಿತಿ, ರಕ್ತದಲ್ಲಿ ಮದ್ಯ ಶೇ. 0.08. ಗನ್ ಇಟ್ಟುಕೊಂಡಿದ್ದರೆ 0.02ಕ್ಕೇ ತಪ್ಪಾಗುತ್ತದೆ. ಒಂದು ಬಿಯರ್ ಕೂಡ ಲೆಕ್ಕಕ್ಕೆ ಬರಬಹುದು. ಯುಗಾದಿ ಪಾರ್ಟಿಗೆ ಹೋಗುವ ದಿನ ಗನ್ ಮನೆಯಲ್ಲೇ ಇರಲಿ.

ನಾಲ್ಕನೆಯದು: ದೀಪ ಕಂಡ ಮೇಲೆ

ಒಮ್ಮೆ ಈ ಗೆಳೆಯನ ಕಾರಿನಲ್ಲಿ ನಾನೂ ಇದ್ದೆ. ಅವತ್ತು ಶನಿವಾರ ರಾತ್ರಿ, ಮಿಶಿಗನ್‌ನ ಆ್ಯನ್ ಆರ್ಬರ್ ಹತ್ತಿರ. ಮಿಶಿಗನ್ ರಾಜ್ಯ ಪೊಲೀಸರ ನೀಲಿ ಕಾರಿನ ತಲೆಯ ಮೇಲೆ ಒಂಟಿ ಕೆಂಪು ದೀಪವೊಂದು ಗಿರಗಿರ ತಿರುಗುತ್ತದೆ, ಹಳೇ ಕಾಲದ ಆಂಬುಲೆನ್ಸಿನ ಹಾಗೆ. ಕನ್ನಡಿಯಲ್ಲಿ ಅದು ಕಂಡಿತು. ಗೆಳೆಯ ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಜಾಗ ಅಗಲ ಇರುವಲ್ಲಿ ನಿಲ್ಲಿಸಿದ. ಎಂಜಿನ್ ಆರಿಸಿದ. ಒಳಗಿನ ಲೈಟ್ ಹಾಕಿದ. ಕಿಟಕಿಯ ಗಾಜು ಪೂರ್ತಿ ಇಳಿಸಿದ. ವೈಸರ್‌ನಲ್ಲಿದ್ದ ಕಾಗದಕ್ಕೆ ಮಾತ್ರ ಕೈ ಹಾಕಲಿಲ್ಲ. ಪೊಲೀಸ್ ಹಿಂದಿನಿಂದ ನಡೆದು ಬರುವಾಗ ನೀವು ಏನನ್ನೋ ಹುಡುಕುತ್ತಾ ಬಗ್ಗಿದ್ದರೆ ಅವರಿಗೆ ಕಾಣುವುದು ಅಲುಗಾಡುವ ಭುಜ ಅಷ್ಟೇ. ಆಮೇಲೆ ಎರಡೂ ಅಂಗೈಯನ್ನು ಸ್ಟೀರಿಂಗಿನ ತುದಿಯ ಮೇಲಿಟ್ಟ. ‘ನಿನ್ನ ಕೈ ಡ್ಯಾಶ್‌ಬೋರ್ಡ್ ಮೇಲಿಡು, ಫೋನ್ ಮುಟ್ಟಬೇಡ’ ಅಂದ ನನಗೆ. ಅವನ ಉಂಗುರ ಸ್ಟೀರಿಂಗಿಗೆ ತಾಗಿ ಟಕ್ ಟಕ್ ಅನ್ನುತ್ತಿತ್ತು. ಅವನಿಗೂ ನಡುಕ ಇತ್ತು ಅಂತ ನನಗೆ ಗೊತ್ತಾದದ್ದು ಆ ಸದ್ದಿನಿಂದ.

ಐದನೆಯದು: ಆ ಒಂದು ವಾಕ್ಯ

ಟಾರ್ಚ್ ಬೆಳಕು ಒಳಗೆ ಬಂತು. ಗೆಳೆಯ ಗುಡ್ ಈವ್ನಿಂಗ್ ಹೇಳಿ, ಅದೇ ಉಸಿರಿನಲ್ಲಿ ಹೇಳಿದ: “ಆಫೀಸರ್, ಐ ಹ್ಯಾವ್ ಎ ಕನ್ಸೀಲ್ಡ್ ಪಿಸ್ಟಲ್ ಲೈಸೆನ್ಸ್, ಅಂಡ್ ಐ ಆ್ಯಮ್ ಕ್ಯಾರಿಯಿಂಗ್. ಹೌ ವುಡ್ ಯೂ ಲೈಕ್ ಮಿ ಟು ಪ್ರೊಸೀಡ್?”

ಈ ವಾಕ್ಯವನ್ನು ಅವನು ಮನೆಯಲ್ಲಿ ಬಾಯಿಪಾಠ ಮಾಡಿದ್ದ. ಇಂಗ್ಲಿಷ್ ಬರದವನೇನಲ್ಲ, ಆದರೆ ಹೆದರಿದಾಗ ಯಾವ ಭಾಷೆಯೂ ಬರುವುದಿಲ್ಲ. ಅದರ ಕ್ರಮ ಗಮನಿಸಿ. ಮೊದಲು ಲೈಸೆನ್ಸ್, ಆಮೇಲೆ ಪಿಸ್ತೂಲು ಜೊತೆಗಿದೆ ಅನ್ನುವ ಮಾತು, ಕೊನೆಗೆ ‘ಈಗ ನಾನೇನು ಮಾಡಲಿ?’ ಅನ್ನುವ ಪ್ರಶ್ನೆ. ‘ಗನ್’ ಅನ್ನುವ ಪದವೇ ಇಲ್ಲ. ಹೆದ್ದಾರಿಯ ಗಲಾಟೆಯಲ್ಲಿ ವಾಕ್ಯದ ಉಳಿದದ್ದು ಹಾರಿಹೋಗಿ ‘ಗನ್’ ಒಂದೇ ಕಿವಿಗೆ ಬಿದ್ದರೆ ಕಷ್ಟ. ಎಲ್ಲಿದೆ ಅಂತ ಕೇಳಿದರೆ ಬಾಯಲ್ಲಿ ಹೇಳಿ: ‘ಬಲ ಸೊಂಟದಲ್ಲಿ.’ ಬೆರಳು ತೋರಿಸಬೇಡಿ, ಶರ್ಟ್ ಎತ್ತಬೇಡಿ.

ಈ ಕ್ರಮದ ಬಗ್ಗೆ ಬರೆಯುವಾಗ ಫಿಲಾಂಡೋ ಕ್ಯಾಸ್ಟಿಲ್ ನೆನಪಾಗದೆ ಇರುವುದಿಲ್ಲ. 2016ರ ಜುಲೈ 6. ಮಿನೆಸೋಟಾದ ಸೇಂಟ್ ಪಾಲ್ ಪಕ್ಕದ ಫಾಲ್ಕನ್ ಹೈಟ್ಸ್. ಶಾಲೆಯೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದ 32 ವರ್ಷದ ಕಪ್ಪು ಯುವಕ. ಗನ್ ಲೈಸೆನ್ಸ್ ಇತ್ತು. ಹಿಂದಿನ ದೀಪ ಕೆಟ್ಟಿದೆ ಅಂತ ಪೊಲೀಸ್ ನಿಲ್ಲಿಸಿದರು. ಡ್ರೈವಿಂಗ್ ಲೈಸೆನ್ಸ್, ಇನ್ಶೂರೆನ್ಸ್ ಕೇಳಿದರು. ಇನ್ಶೂರೆನ್ಸ್ ಕಾರ್ಡ್ ಕೊಟ್ಟ ಕ್ಯಾಸ್ಟಿಲ್, ‘ಸರ್, ನನ್ನ ಹತ್ತಿರ ಗನ್ ಇದೆ ಅಂತ ನಿಮಗೆ ಹೇಳಬೇಕು’ ಅಂದ, ಸಮಾಧಾನದ ದನಿಯಲ್ಲಿ. ‘ಹಾಗಾದರೆ ಅದಕ್ಕೆ ಕೈ ಹಾಕಬೇಡ’ ಅಂದರು ಪೊಲೀಸ್. ‘ನಾನು ತೆಗೆಯುತ್ತಿಲ್ಲ’ ಅಂದ. ಮರುಕ್ಷಣ ಏಳು ಗುಂಡು ಹಾರಿದವು. ಮಾತು ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಪಕ್ಕದಲ್ಲಿ ಗೆಳತಿ, ಹಿಂದಿನ ಸೀಟಿನಲ್ಲಿ ಅವಳ ನಾಲ್ಕು ವರ್ಷದ ಮಗಳು. ಮಿನೆಸೋಟಾ ಕಾನೂನಿನಲ್ಲಿ ಪೊಲೀಸರು ಕೇಳಿದರೆ ಮಾತ್ರ ಹೇಳಬೇಕು. ಅವನು ಕೇಳದೆಯೇ ಹೇಳಿದ್ದ. ಮರುವರ್ಷ ಜೂನ್‌ನಲ್ಲಿ ಆ ಪೊಲೀಸ್ ಅಧಿಕಾರಿಯನ್ನು ಜ್ಯೂರಿ ಖುಲಾಸೆ ಮಾಡಿತು.

ಅವನು ಹೀಗೆ ಮಾಡಿದ್ದರೆ ಬದುಕುತ್ತಿದ್ದ ಅಂತ ಹೇಳುವ ಅಧಿಕಾರ ನನಗಿಲ್ಲ. ಮರ್ಯಾದೆಯಿಂದ ಹೇಳಿದವನನ್ನು ಕೊಂದದ್ದು ಅವನ ತಪ್ಪಲ್ಲ. ಆದರೆ ಆ ಒಂದು ನಿಮಿಷದಲ್ಲಿ ಎರಡು ಸಂಗತಿ ಒಂದರ ಮೇಲೊಂದು ಬಿದ್ದವು: ಲೈಸೆನ್ಸ್ ಕೊಡು ಅನ್ನುವ ಆಜ್ಞೆ, ಗನ್ ಇದೆ ಅನ್ನುವ ಮಾತು. ಹಾಗಾಗಿ ಕೇಳಿ, ಉತ್ತರ ಬರುವವರೆಗೆ ಕಲ್ಲಿನ ಹಾಗೆ ಕೂರಿ. ‘ಲೈಸೆನ್ಸ್ ಕೊಡಿ’ ಅಂತ ಇನ್ನೊಮ್ಮೆ ಹೇಳಿದರೂ, ‘ಪರ್ಸು ಎಡಜೇಬಿನಲ್ಲಿದೆ, ಎಡಗೈಯಲ್ಲಿ ತೆಗೆಯಲಾ?’ ಅಂತ ಕೇಳಿಯೇ ತೆಗೆಯಿರಿ.

ಹೇಳಲು ಬಿಡದವರೂ ಇರುತ್ತಾರೆ. 2011ರಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ ಒಬ್ಬ ಚಾಲಕ ಗನ್ ಲೈಸೆನ್ಸ್ ಕೈಯಲ್ಲೇ ಹಿಡಿದುಕೊಂಡು ಹೇಳಲು ನೋಡಿದ. ಪೊಲೀಸ್ ಪ್ರತಿ ಸಲ ಬಾಯಿ ಮುಚ್ಚಿಸಿದರು. ಕೊನೆಗೆ ಹೇಳಲಿಲ್ಲ ಅಂತ ಅವನ ಮೇಲೇ ಕೇಸು ಹಾಕಿದರು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು, ಕೇಸು ಬಿದ್ದುಹೋಯಿತು. ಅದಕ್ಕೇ ಮೊದಲ ವಾಕ್ಯದಲ್ಲೇ ವಿಷಯ ಇರಬೇಕು ಅನ್ನುವುದು. ಹವಾಮಾನದ ಮಾತೆಲ್ಲ ಆಮೇಲೆ.

ಆರನೆಯದು: ಇಳಿಯಿರಿ ಅಂದರೆ, ಗನ್ ಕೊಡಿ ಅಂದರೆ

ಇಳಿಯಿರಿ ಅಂದರೆ ಇಳಿಯಬೇಕು. 1977ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆ ಕೇಸೂ ಇಂಥದ್ದೇ: ಕಾರಿನಿಂದ ಇಳಿಸಿದಾಗ ಜಾಕೆಟ್ಟಿನ ಕೆಳಗೆ ಉಬ್ಬು ಕಂಡಿತು, ನೋಡಿದರೆ ರಿವಾಲ್ವರ್. ಸೀಟ್ ಬೆಲ್ಟ್ ಬಿಚ್ಚುವ ಮುಂಚೆಯೂ ಹೇಳಿ, ಅದರ ಗುಂಡಿ ಇರುವುದೂ ಬಲ ಸೊಂಟದ ಪಕ್ಕವೇ. ಮಾತುಕತೆ ಮುಗಿಯುವವರೆಗೆ ಗನ್ ತಮ್ಮ ಹತ್ತಿರ ಇಟ್ಟುಕೊಳ್ಳುವ ಅಧಿಕಾರ ಹಲವು ರಾಜ್ಯಗಳಲ್ಲಿ ಪೊಲೀಸರಿಗಿದೆ. ‘ಕೊಡಿ’ ಅಂದರೂ ನೀವೇ ಎಳೆದು ತೆಗೆಯಬೇಡಿ. ‘ನೀವೇ ತೆಗೆದುಕೊಂಡರೆ ಒಳ್ಳೇದು’ ಅನ್ನಿ. ಒಪ್ಪದ ವಿಷಯ ಇದ್ದರೆ ಬಾಯಲ್ಲಿ ಒಂದು ಸಲ ಹೇಳಿ ಬಿಡಿ, ವಾದ ಏನಿದ್ದರೂ ಕೋರ್ಟಿನಲ್ಲಿ.

ವಾಪಸ್ ಕೊಡುವಾಗ ಸಾಮಾನ್ಯವಾಗಿ ಗುಂಡು ಬೇರೆ, ಗನ್ ಬೇರೆ ಮಾಡಿ ಕೊಡುತ್ತಾರೆ, ಕೆಲವೊಮ್ಮೆ ಡಿಕ್ಕಿಯಲ್ಲಿ ಇಡುತ್ತಾರೆ. ಅದನ್ನು ಅಲ್ಲೇ ಜೋಡಿಸಲು ಹೋಗಬೇಡಿ. ಅವರ ಕಾರು ಹೋಗುವವರೆಗೆ ಇದ್ದ ಹಾಗೇ ಇರಲಿ.

ಅವತ್ತು ಅಷ್ಟೆಲ್ಲ ಆಗಲಿಲ್ಲ. ಆಫೀಸರ್ ಒಂದು ಕ್ಷಣ ಸುಮ್ಮನಿದ್ದು, “ಸರಿ. ನೀನು ನಿನ್ನದನ್ನು ಮುಟ್ಟಬೇಡ, ನಾನು ನನ್ನದನ್ನು ಮುಟ್ಟಲ್ಲ” ಅಂದರು. ವೈಸರ್‌ನಿಂದ ಕಾಗದ ನಿಧಾನಕ್ಕೆ ತೆಗೆಯಲು ಹೇಳಿದರು. ತೆಗೆದುಕೊಂಡು ಹೋಗಿ ಏಳೆಂಟು ನಿಮಿಷ ಬಿಟ್ಟು ಬಂದರು. ಗಂಟೆಗೆ 70 ಮೈಲಿ ಮಿತಿಯ ರಸ್ತೆಯಲ್ಲಿ ಗೆಳೆಯ 83ರಲ್ಲಿ ಓಡಿಸಿದ್ದ. ‘ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ ವಾರ್ನಿಂಗ್ ಕೊಟ್ಟು ಬಿಡಬಹುದು’ ಅಂತ ಗೆಳೆಯ ಆಸೆಯಿಟ್ಟುಕೊಂಡಿದ್ದ. ಟಿಕೆಟ್ ಕೊಟ್ಟೇ ಹೋದರು.