ಕಸೂತಿಯಲ್ಲಿ ಕ್ಯೂಆರ್ ಕೋಡ್ ಹಾಕುವವರಿಗೆ

ಇಳಕಲ್ ಕಡೆಯ ಅಕ್ಕಂದಿರೇ, ಚೀಲ, ಕುಪ್ಪಸದ ಮೇಲೆ ಕ್ಯೂಆರ್ ಕೋಡ್ ಹಾಕುವುದು ಕಸೂತಿ ಬಲ್ಲವರಿಗೆ ಕಷ್ಟವಲ್ಲ. ನಾವು ಎಳೆ ಎಣಿಸಿ ಹಾಕುವವರು, ಕೋಡ್ ಕೂಡ ಚೌಕಗಳ ಲೆಕ್ಕವೇ ಅಲ್ವಾ?

ಸಾಮಾನ್ಯ ಕ್ಯೂಆರ್‌ನಲ್ಲಿ ಅತಿ ಚಿಕ್ಕದು 21 × 21 ಮನೆ (ಒಂದು ಚಿಕ್ಕ ಚೌಕ ಅಂದರೆ ಒಂದು ಮನೆ). ಲಿಂಕ್ ಉದ್ದವಾದಷ್ಟೂ ಮನೆ ಜಾಸ್ತಿ, ಹಾಗಾಗಿ ಚಿಕ್ಕ ಲಿಂಕ್ ಇರಲಿ. ಕೋಡ್ ಮಾಡುವಾಗ ತಪ್ಪು ತಿದ್ದುವ ಮಟ್ಟ (error correction) ‘ಎಚ್’ (H) ಆರಿಸಿ. ಮನೆ ಸ್ವಲ್ಪ ಹೆಚ್ಚುತ್ತವೆ, ಆದರೆ ಸುಮಾರು ಶೇ. 30ರಷ್ಟು ಕೆಟ್ಟರೂ ಫೋನ್ ಓದುತ್ತದೆ. ಮೂಲೆಯ ಮೂರು ದೊಡ್ಡ ಚೌಕ ಮಾತ್ರ ಕೆಡಬಾರದು.

ಕಸೂತಿಯ ಗವಂತಿ ಹೊಲಿಗೆಯಲ್ಲಿ ಬರೀ ಗೆರೆ ಬರುತ್ತದೆ. ಮನೆ ತುಂಬಲು ಮೆಂತೆ ಹೊಲಿಗೆಯೇ (ಕ್ರಾಸ್ ಸ್ಟಿಚ್‌ನಂಥದು) ಸರಿ. ತಿಳಿ ಬಟ್ಟೆಗೆ ಕಪ್ಪು ದಾರ ಹಾಕಿ. ಸುತ್ತ 4 ಮನೆ ಖಾಲಿ ಬಿಡಿ. ನಿರಿಗೆ ಬೀಳುವ ಜಾಗ ಬೇಡವೇ ಬೇಡ.